ದೀಪದ ಅರ್ಥ ಹೇಳುವವರು

ಸುಧಾಕರ ಶೆಟ್ಟರು ಬಾಯಿ ತೆರೆದರೆ ಉಪದೇಶ. ಮೂಡುಬಿದಿರೆಯಲ್ಲಿ ಯಾವ ಸಭೆ ನಡೆದರೂ ದೀಪ ಬೆಳಗಿಸಲು ಇವರೇ ಬೇಕು. ಬೆಳಗಿಸಿದ ಮೇಲೆ ದೀಪದ ಅರ್ಥ ಹೇಳದೆ ಮೈಕು ಬಿಟ್ಟವರಲ್ಲ. ಅಂಥವರ ಮಗ ಶಿಶಿರ್‌ಗೆ ತನ್ನ ಮಗಳು ಪ್ರಾಪ್ತಿಯನ್ನು ಕೊಡಲು ಶಶಿಪ್ರಭಾ ಒಪ್ಪಿದ್ದಳು. ಮಕ್ಕಳಿಬ್ಬರೂ ಮೆಚ್ಚಿಕೊಂಡಿದ್ದರು, ಇನ್ನೇನು ಮಾಡುವುದು? ಬೀಗರನ್ನು ಸಹಿಸುವುದು ಹೆಣ್ಣು ಹೆತ್ತವರ ಹಣೆಬರಹ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಗಂಡ ತೀರಿಕೊಂಡ ಮೇಲೆ ಬಿ.ಸಿ. ರೋಡಿನ ಎಲೆಕ್ಟ್ರಿಕಲ್ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಗಿರಾಕಿಗಳು ಬಲ್ಬು ಕೇಳುತ್ತಾರೆ, ಟ್ಯೂಬ್‌ಲೈಟು ಕೇಳುತ್ತಾರೆ, ಮಲಗುವ ಕೋಣೆಗೆ ಝೀರೋ ಬಲ್ಬು ಕೇಳುತ್ತಾರೆ. ಹೊತ್ತಿದರೆ ಸಾಕು, ಅರ್ಥ ಯಾರಿಗೂ ಬೇಡ.

ನಿಶ್ಚಿತಾರ್ಥದ ದಿನ ನರಿಕೊಂಬಿನ ಅವಳ ಮನೆಗೆ ಬಂದ ಶೆಟ್ಟರು ಚಪ್ಪಲಿ ಕಳಚುವ ಮೊದಲೇ ಶುರು ಮಾಡಿದರು. ಜಗಲಿಯ ಬಲ್ಬು ಹಗಲಲ್ಲೂ ಉರಿಯುತ್ತಿರುವುದನ್ನು ಕಂಡು ಪ್ರಾಪ್ತಿ, "ಅಮ್ಮ, ಈ ದೀಪ ಆರಿಸ್ತೇನೆ" ಎಂದದ್ದೇ ತಪ್ಪಾಯಿತು.

"ಆರಿಸುವುದು ಅಂತ ಹೇಳಬಾರದು ಮಗಾ. ದೀಪವನ್ನು ದೊಡ್ಡದು ಮಾಡುವುದು ಅಂತ ಹೇಳ್ಬೇಕು. ಸೊಸೆ ಅಂದರೆ ಮನೆಯ ದೀಪ. ನಿನ್ನ ಬಾಯಲ್ಲಿ ಒಳ್ಳೆಯ ಶಬ್ದವೇ ಬರಬೇಕು."

ಮನೆಯಲ್ಲಿ ತುಳು ಮಾತಾಡುವ ಮನುಷ್ಯ ಬುದ್ಧಿ ಹೇಳುವಾಗ ಮಾತ್ರ ಕನ್ನಡಕ್ಕೆ ಏರುತ್ತಿದ್ದರು. ಒಂಬತ್ತು ವಾಟಿನ ಬಲ್ಬನ್ನು ದೊಡ್ಡದು ಮಾಡುವುದು ಹೇಗೆ ಮಾರಾಯ್ರೇ ಎಂದು ಕೇಳಬೇಕೆನಿಸಿತು ಶಶಿಪ್ರಭಾಗೆ.

ಚಾವಡಿಯಲ್ಲಿ ಕಾಲುದೀಪಕ್ಕೆ ಎಣ್ಣೆ, ಬತ್ತಿ ಹಾಕಿ ಆಗಿತ್ತು. ಅವಳು ಬೆಂಕಿಪೆಟ್ಟಿಗೆ ಎತ್ತಿಕೊಂಡಾಗ ಶೆಟ್ಟರು ಕೆಮ್ಮಿದರು.

"ಅಕ್ಕ, ತಪ್ಪು ತಿಳಿಯಬಾರದು. ದೀಪ ಅಂದರೆ ಸೌಭಾಗ್ಯ. ಮುತ್ತೈದೆಯರು ಯಾರಾದರೂ ಹಚ್ಚಲಿ. ನೀವು ಸ್ವಲ್ಪ ಆಚೆ ನಿಂತರೆ ಆಯ್ತು."

ತನ್ನದೇ ಮನೆಯಲ್ಲಿ, ತನ್ನದೇ ಮಗಳ ನಿಶ್ಚಿತಾರ್ಥಕ್ಕೆ! ಶಶಿಪ್ರಭಾಗೆ ಮೈಯೆಲ್ಲ ಉರಿಯಿತು. ಆದರೂ ಮಗಳ ಮುಖ ನೋಡಿ, ಬೆಂಕಿಪೆಟ್ಟಿಗೆಯನ್ನು ತಮ್ಮನ ಹೆಂಡತಿ ಸುಪ್ರೀತಾಳಿಗೆ ಕೊಡಹೋದಳು. ಪ್ರಾಪ್ತಿ ನಡುವೆ ಬಂದು ಅಮ್ಮನ ಕೈ ಹಿಡಿದಳು.

"ಮಾವ, ನಾನು ನಿಮ್ಮ ಮನೆಯ ದೀಪ ಅಂದಿರಲ್ಲ? ನಾಳೆ ನನಗೂ ಅಮ್ಮನ ಹಾಗೇ ಆದರೆ ಆಗ ನನ್ನನ್ನು ಏನಂತ ಕರೀತೀರಿ?"

"ಶುಭಕಾರ್ಯದಲ್ಲಿ ಎಂಥ ಮಾತು ಇದು" ಎಂದು ಶೆಟ್ಟರು ತೊದಲಿದರು. ಪ್ರಾಪ್ತಿ ಶಿಶಿರ್‌ನತ್ತ ತಿರುಗಿದಳು. ಆ ಮಹಾಶಯ ಹೊಸ ಜುಬ್ಬದ ಗುಂಡಿ ತಿರುವುತ್ತಾ, "ಐದು ನಿಮಿಷದ ವಿಷಯ ಅಲ್ವಾ, ಅಡ್ಜಸ್ಟ್ ಮಾಡುವ" ಎಂದ. ತಂದೆಗೆ ತಕ್ಕ ಮಗ.

"ನನಗೆ ಈ ಸಂಬಂಧ ಬೇಡಮ್ಮ" ಎಂದಳು ಪ್ರಾಪ್ತಿ. ಕಣ್ಣಲ್ಲಿ ನೀರಿತ್ತು, ಆದರೆ ಮಾತು ತಡವರಿಸಲಿಲ್ಲ.

ಶಶಿಪ್ರಭಾ ಕಡ್ಡಿ ಗೀರಿ ದೀಪ ಹಚ್ಚಿದಳು. ಆಮೇಲೆ ಬಂದವರಿಗೆ ಕೈಮುಗಿದು, "ಅಡುಗೆ ಆಗಿದೆ, ಊಟ ಮಾಡಿಕೊಂಡೇ ಹೋಗಿ" ಎಂದಳು. ಮಾನ ಇದ್ದರೆ ಎದ್ದು ಹೋದಾರು ಎಂದುಕೊಂಡಿದ್ದಳು. ಹೋಗಲಿಲ್ಲ. ಸಾಲಾಗಿ ಎಲೆಯ ಮುಂದೆ ಕೂತರು. ಅವಳೇ ನಿಂತು ಬಡಿಸಿದಳು, ಶೆಟ್ಟರು ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ವಿಧವೆಯ ಕೈಯ ಪಾಯಸಕ್ಕೆ ಅವರಲ್ಲಿ ಯಾವ ಅಡ್ಡಿಯೂ ಇರಲಿಲ್ಲ.