ಸೊನ್ನೆಗೆ ಬಾರದ ಕೆಂಪು ಮುಳ್ಳು

ನಾನು ಕೈಯ ಹಿಡಿತ ಅಳೆಯುವ ಯಂತ್ರ. ಪುಣೆಯ ಹತ್ತಿರದ ಕಾರ್ಖಾನೆಯೊಂದರಲ್ಲಿ ಉಕ್ಕು ಬಡಿದು, ಕೊರೆದು, ತಿರುಪು ಬಿಗಿದು ನನ್ನನ್ನು ಹುಟ್ಟಿಸಿದರು. ಹುಟ್ಟಿದ ದಿನವೇ ಒಬ್ಬ ನನ್ನ ಕತ್ತು ಹಿಸುಕಿ ನೋಡಿ ತಲೆಯಾಡಿಸಿದ. ನನ್ನ ಹಣೆಬರಹ ಅಂದೇ ಗೊತ್ತಾಯಿತು. ನನ್ನ ಮುಖದ ಮೇಲೆ ಎರಡು ಮುಳ್ಳುಗಳಿವೆ. ಹಿಸುಕಿದಾಗ ಎರಡೂ ಏರುತ್ತವೆ. ಕೈಬಿಟ್ಟರೆ ಕಪ್ಪು ಮುಳ್ಳು ಇಳಿಯುತ್ತದೆ, ಕೆಂಪು ಮುಳ್ಳು ಮಾತ್ರ ಏರಿದಲ್ಲೇ ನಿಲ್ಲುತ್ತದೆ. ಯಾರಾದರೂ ಬೆರಳಿನಿಂದ ತಿರುಗಿಸಿ ಸೊನ್ನೆಗೆ ತರಬೇಕು.

ಮೊದಲು ಒಂದು ಗರಡಿಮನೆಗೆ ಹೋದೆ. ಪೈಲ್ವಾನರು ಪಂಥ ಕಟ್ಟಿ ಹಿಸುಕಿದರು, ಸೋತವರು ಗೋಡೆಗೆಸೆದರು. ಸಾಕಪ್ಪಾ ಎನ್ನುವಷ್ಟರಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ, ಸುನಂದಾ ಹಂಚಿನಮನಿಯವರ ಮೇಜಿಗೆ ಬಂದೆ. ಅವರು ಆಕ್ಯುಪೇಷನಲ್ ಥೆರಪಿಸ್ಟ್. ಗಾಯಗೊಂಡವರಿಗೆ ರೊಟ್ಟಿ ಬಡಿಯುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುವವರು. ಗಾಣ ಅಗಿದ ಕೈ, ಗರಗಸ ಸೀಳಿದ ಕೈ, ಎಲ್ಲವೂ ನನ್ನ ಕತ್ತಿಗೇ ಬಂದವು. ಅವು ಹಿಸುಕಿದರೆ ನನಗೆ ನೋಯುತ್ತಲೇ ಇರಲಿಲ್ಲ. ಅದೇ ನನಗೆ ಸಂಕಟ.

ಸುನಂದಾ ಅವರಿಗೆ ಕೈ ಚಿಕಿತ್ಸೆಯ ವಿಶೇಷ ಪ್ರಮಾಣಪತ್ರ ಬೇಕಿತ್ತು. "ಇದ್ದ ಡಿಗ್ರಿ ಸಾಲ್ದೇನ್ರಿ ಮೇಡಂ?" ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಒಮ್ಮೆ ನಪಾಸಾಗಿದ್ದರು. ಈ ಸಲ ತಾವೇ ನೋಡಿಕೊಂಡ ರೋಗಿಯನ್ನು ಪರೀಕ್ಷಕರ ಎದುರು ತೋರಿಸಬೇಕಿತ್ತು.

ಆ ರೋಗಿ ಸಾಂವಕ್ಕ, ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವವಳು. ಮಗಳಿಗೆ ಹೊಡೆಯುತ್ತಿದ್ದ ಗಂಡ ಮಾನಿಂಗನನ್ನು ತಡೆಯಲು ಬಲಗೈ ಎತ್ತಿದ್ದಳು. "ನನ್ನ ಮ್ಯಾಲೆ ಕೈ ಎತ್ತತೀ?" ಎಂದು ಅವನು ಆ ಕೈಯನ್ನು ಹೊಸ್ತಿಲ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದ್ದ. ಕಲ್ಲು ಜಾರಿ ಬಿತ್ತು ಎಂದು ಆಸ್ಪತ್ರೆಯಲ್ಲಿ ಬರೆಸಿದ. ಸತ್ಯವನ್ನು ಅವಳು ಸುನಂದಾ ಅವರೊಬ್ಬರಿಗೇ ಹೇಳಿದ್ದಳು. ಚಿಕಿತ್ಸೆ ನಡೆಯುವವರೆಗೆ ಮಗಳೊಂದಿಗೆ ಅಕ್ಕನ ಮನೆಯಲ್ಲಿರಬಹುದು, ಕೈ ಸರಿಹೋದರೆ ಗಂಡನ ಮನೆಗೆ ಹೋಗಬೇಕು ಎಂದು ಹಿರಿಯರು ತೀರ್ಮಾನಿಸಿದ್ದರು. ಕೈ ವಾಸಿಯಾಗುವುದಕ್ಕೇ ಹೆದರುವ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

ಪರೀಕ್ಷೆಯ ದಿನ, ಕೈ ಸರಿಹೋಯಿತೇ ಎಂದು ನೋಡಲು ಮಾನಿಂಗನೂ ಬಂದ. "ಏನೈತಿ ಇದರಾಗ, ತಾ ಇಲ್ಲೆ" ಎಂದು ನನ್ನನ್ನು ಎತ್ತಿಕೊಂಡು ಹಿಸುಕಿದ. ಪೈಲ್ವಾನರೂ ಹಾಗೆ ಹಿಸುಕಿರಲಿಲ್ಲ. ಅಷ್ಟರಲ್ಲಿ ಪರೀಕ್ಷಕ ಡಾಕ್ಟರ್ ಕಿಣಿ ಒಳಬಂದರು. ಸುನಂದಾ ಗಾಬರಿಯಲ್ಲಿ ನನ್ನನ್ನು ಕಸಿದು ಸಾಂವಕ್ಕನ ಕೈಗಿತ್ತರು. ಕೆಂಪು ಮುಳ್ಳನ್ನು ಸೊನ್ನೆಗೆ ತರಲು ಮರೆತರು.

ಸಾಂವಕ್ಕ ತುಟಿ ಕಚ್ಚಿ ಹಿಸುಕಿದಳು. ಕಪ್ಪು ಮುಳ್ಳು ತುಸುವೇ ಏರಿ ಇಳಿಯಿತು. ಕಿಣಿಯವರು ನನ್ನನ್ನು ತೆಗೆದುಕೊಂಡು ಕೆಂಪು ಮುಳ್ಳು ನೋಡಿದರು.

"ಭೇಷ್! ಕೈ ಪೂರ್ತಿ ಸರಿಯಾಗಿದೆಯಲ್ಲ!"

"ಸರಿ ಆತಲ್ಲ," ಎಂದು ಮಾನಿಂಗ ಎದ್ದ. "ನಡಿ ಮನಿಗೆ."

ಸುಮ್ಮನಿದ್ದರೆ ಪ್ರಮಾಣಪತ್ರ ಕೈಗೆ ಬರುತ್ತಿತ್ತು. ಸುನಂದಾ ಕಿಣಿಯವರ ಕೈಯಲ್ಲಿದ್ದ ನನ್ನತ್ತ ಬೆರಳು ತೋರಿಸಿದರು.

"ಸರ್, ಅದು ಆಕಿ ಹಿಡಿತ ಅಲ್ರಿ. ಮುಳ್ಳ ಸೊನ್ನಿಗೆ ತರೂದು ಮರ್ತೀನಿ. ಅದು ಇವನ ಹಿಡಿತ. ಆಕಿ ಕೈ ಜಜ್ಜಿದ್ದೂ ಇವನ ಕೈನಽ."

ಮಾನಿಂಗ ಸುನಂದಾ ಅವರ ಕುತ್ತಿಗೆಗೆ ಕೈಹಾಕಿ ಗೋಡೆಗೆ ಒತ್ತಿದ. ಆ ಹಿಡಿತ ಎಷ್ಟೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಕಿಣಿಯವರು ನನ್ನನ್ನು ಮೇಜಿಗೆ ಹಾಕಿ ಅವನ ತೋಳು ಎಳೆದರು, ಅದು ಅಲುಗಲಿಲ್ಲ. ಆಗ ಸಾಂವಕ್ಕ ನನ್ನನ್ನು ಎತ್ತಿಕೊಂಡಳು, ಅದೇ ಬಲಗೈಯಿಂದ. ವಕ್ರವಾಗಿ ಕೂಡಿದ ಬೆರಳುಗಳು ನನ್ನ ಸುತ್ತ ಬಿಗಿದವು. ಬೀಸಿದಳು. ಅವನ ದವಡೆ ಮುರಿದ ಸದ್ದು, ನನ್ನ ಗಾಜು ಒಡೆದ ಸದ್ದು ಒಟ್ಟಿಗೇ ಕೇಳಿದವು. ಅವನು ಬಾಯಿತುಂಬ ರಕ್ತ ಉಗುಳುತ್ತ ಬಿದ್ದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಪೊಲೀಸರು ಬಂದರು. ಈ ಸಲ ಸಾಂವಕ್ಕ ಕಲ್ಲಿನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದಳು. ಕಿಣಿಯವರೂ ಕಂಡದ್ದನ್ನು ಹೇಳಿದರು. ಮಾನಿಂಗ ಜೈಲು ಸೇರಿದ, ಸಾಂವಕ್ಕ ಮಗಳೊಂದಿಗೆ ಅಕ್ಕನ ಮನೆಯಲ್ಲೇ ಉಳಿದಳು. ಆದರೆ ಪರೀಕ್ಷೆಯಲ್ಲಿ ಕಿಣಿಯವರು ಸುನಂದಾ ಅವರನ್ನು ನಪಾಸು ಮಾಡಿದರು. ಮುಳ್ಳು ಮರೆತದ್ದು ತಪ್ಪೇ ತಾನೆ! ಮುಂದಿನ ವರ್ಷ ಅವರು ಪಾಸಾದರು.

ಈಗ ನಾನು ಅವರ ಕಪಾಟಿನ ಮೂಲೆಯಲ್ಲಿದ್ದೇನೆ. ಒಳಗಿನ ತಿರುಪು ಮುರಿದಿದೆ. ಕೆಂಪು ಮುಳ್ಳು ಮಾನಿಂಗನ ಅಂಕೆಯ ಮೇಲೇ ಸಿಕ್ಕಿಕೊಂಡಿದೆ. ಹೊಸದಾಗಿ ಕಲಿಯಲು ಬಂದವರಿಗೆ ಸುನಂದಾ ನನ್ನನ್ನು ತೋರಿಸಿ, "ಯಾರ ಕೈಗೆ ಕೊಡೂ ಮೊದಲ ಮುಳ್ಳ ಸೊನ್ನಿಗೆ ತರ್ರಿ" ಎನ್ನುತ್ತಾರೆ. ನನ್ನ ಕೆಳಗೆ ಸಾಂವಕ್ಕ ಹೊಲಿದ ಕೌದಿಯ ತುಂಡೊಂದಿದೆ. ಅದರ ಹೊಲಿಗೆ ಒಂದು ಅಂಚಿನಲ್ಲಿ ಸೊಟ್ಟ, ಇನ್ನೊಂದು ಅಂಚಿಗೆ ಬರುವಷ್ಟರಲ್ಲಿ ನೆಟ್ಟಗಾಗಿದೆ. ಜೀವನವಿಡೀ ಕೈಗಳನ್ನು ಅಳೆದೆ. ಅವಳು ನನ್ನನ್ನು ಎತ್ತಿ ಬೀಸಿದ ಆ ಒಂದು ಹಿಡಿತವನ್ನು ಮಾತ್ರ ಅಳೆಯಲಾಗಲಿಲ್ಲ.