ಗುಡ್ಡವ್ವನ ರೇಡಿಯೋಕ್ಕೆ ಅಡ್ಡ ಬಂದ ಗುಂಯ್

೧

ಎಲ್ಲಿಂದ ಶುರು ಮಾಡಲಿ? ಸದ್ದಿನಿಂದಲೋ, ಸದ್ದು ಮಾಡಿದ್ದರಿಂದಲೋ? ಮೂಲ ಗೊತ್ತಿದ್ದರೆ ಕಥೆ ಯಾಕೆ ಬೇಕು, ನೇರ ಹೋಗಿ ಸ್ವಿಚ್ ಆರಿಸಿದರಾಯಿತು. ಹಾಗಾಗಿ ಸದ್ದಿನಿಂದಲೇ: ಗುಂಯ್.

ಬ್ಯಾಡಗಿಯ ಗುಡ್ಡವ್ವ ಹೋದ ತಿಂಗಳು ಧಾರವಾಡದ ರೇಡಿಯೋ ಕೇಂದ್ರದಲ್ಲಿ ಬೀಸುಕಲ್ಲಿನ ಪದ ಹಾಡಿ ಬಂದಿದ್ದಾಳೆ. ಇವತ್ತು ಮಧ್ಯಾಹ್ನ ಅದು ಬರುತ್ತದೆ, ಒಂದೇ ಸಲ. ರೇಡಿಯೋ ಹಚ್ಚಿದರೆ ಬರೀ ಗುಂಯ್.

(ಮೊಬೈಲಿನಲ್ಲಿ ಕೇಳಬಹುದಲ್ಲ ಅನ್ನುವ ಓದುಗರೇ, ಹಾಗಾದರೆ ಕಥೆಯನ್ನೂ ನೀವೇ ಬರೆದುಕೊಳ್ಳಿ.)

೨

ಮೊದಲ ಡ್ರಾಫ್ಟಿನಲ್ಲಿ ತಪ್ಪೆಲ್ಲ ಊರಾಚೆ ಮೆಣಸಿನಕಾಯಿ ತುಂಬಿಡುವ ಕೋಲ್ಡ್ ಸ್ಟೋರೇಜಿನದು ಅಂತ ಬರೆದಿದ್ದೆ. ಹರಿದು ಹಾಕಿದೆ. ದೊಡ್ಡ ಕಟ್ಟಡ ಕಂಡ ಕೂಡಲೇ ಬೈಯುವುದು ಸೋಮಾರಿಗಳ ಚಟ.

ರಾಣೆಬೆನ್ನೂರಿನಿಂದ ರೇಡಿಯೋ ರಿಪೇರಿಯ ಶಮಶೇರಸಾಬನನ್ನು ಕರೆಸಿದೆ. ಅವನು ಗುಡ್ಡವ್ವನ ಬ್ಯಾಟರಿ ರೇಡಿಯೋ ಹಿಡಿದು ನಿಂತಲ್ಲೇ ಸುತ್ತಿದ. ರೇಡಿಯೋದ ತುದಿ ಮೂಲದ ಕಡೆ ತಿರುಗಿದಾಗ ಗುಂಯ್ ಸಣ್ಣಗಾಗುತ್ತದಂತೆ. ಮೂರು ಕಡೆ ನಿಂತು, ತುದಿ ತೋರಿಸಿದತ್ತ ಗುಡ್ಡವ್ವನ ಕೈಯಲ್ಲಿ ರಂಗೋಲಿ ಗೆರೆ ಎಳೆಸಿದ. ಮೂರೂ ಗೆರೆ ಕೂಡಿದ್ದು ಅವಳ ಮನೆಗೂ ಪಕ್ಕದ ಹಾಜಿರಾಬಿಯ ಮನೆಗೂ ನಡುವೆ ಒಣಹಾಕಿದ್ದ ಮೆಣಸಿನಕಾಯಿ ರಾಶಿಯಲ್ಲಿ.

ಕೆದರಿದರು. ಇಬ್ಬರೂ ಸೀನಿದರು. ಮೆಣಸಿನಕಾಯಿಯ ಕೆಳಗೆ ಮೆಣಸಿನಕಾಯಿಯೇ ಇತ್ತು.

(ಓದುಗರು ಕಥೆ ಓದಿ ಬರೆದವನನ್ನು ಹುಡುಕುವುದೂ ಹೀಗೇ. ಗೆರೆ ಕೂಡಿದಲ್ಲಿ ಕೆದರುತ್ತಾರೆ, ಸೀನುತ್ತಾರೆ.)

೩

ನನಗೆ ಸಿಟ್ಟು ಬಂತು. ನಿನ್ನ ಗೆರೆ ಸುಳ್ಳು ಅಂದೆ. ಶಮಶೇರಸಾಬ ಮೂಗು ಒರೆಸಿಕೊಂಡ. "ಗೆರಿ ಖರೇ ಅದಾವ್ರಿ. ಕಳ್ಳ ಒಬ್ಬನ ಅಂತ ತಿಳದದ್ದು ಸುಳ್ಳು."

ಎರಡು ಕಡೆಯಿಂದ ಗುಂಯ್ ಬಂದರೆ ರೇಡಿಯೋ ಪಾಪ ನಡುವೆ ಎಲ್ಲೋ ಬೆರಳು ತೋರಿಸುತ್ತದೆ. ಎಲ್‌ಇಡಿ ಬಲ್ಬೂ ರೇಡಿಯೋದಲ್ಲಿ ಗುಂಯ್ ಎನಿಸುತ್ತದೆ ಅಂತ ಅವನು ಹೇಳಿದ್ದಕ್ಕೆ ಗುಡ್ಡವ್ವ ತನ್ನ ದೇವರ ಕೋಣೆಯದನ್ನು ಆರಿಸಿದಳು. ಗುಂಯ್ ಅರ್ಧಕ್ಕಿಳಿಯಿತು. ಈಗ ರೇಡಿಯೋ ನೆಟ್ಟಗೆ ಹಾಜಿರಾಬಿಯ ಕಿಟಕಿ ತೋರಿಸಿತು.

ಇಲ್ಲೇ ತೊಡಕು. ಆ ಮೆಣಸಿನಕಾಯಿ ಒಣಹಾಕುವ ಜಾಗಕ್ಕಾಗಿ ಇಬ್ಬರಿಗೂ ಮಾತು ಬಿಟ್ಟಿದೆ. ಗೋಡೆಯ ಮೇಲಿಂದ ಬೈಗುಳ ಮಾತ್ರ.

ಇಡೀ ಓಣಿಯ ಕರೆಂಟ್ ತೆಗೆಯುತ್ತೇನೆ, ರೇಡಿಯೋ ಸ್ವಚ್ಛ ಆಗುತ್ತದೆ ಅಂದೆ. ಬರೆಯುವವನಿಗೆ ಅಷ್ಟೂ ಹಕ್ಕಿಲ್ಲವೇ?

"ನನ್ನ ಹಾಡಿಗೆ ಓಣ್ಯಾಗಿನ ಫ್ಯಾನೆಲ್ಲಾ ನಿಲ್ಲಸ್ತೀಯಾ?" ಅಂದಳು ಗುಡ್ಡವ್ವ. "ನಾನ ಹೋಗಿ ಕೇಳತೇನಿ."

೪

ಕೊನೆ ಒಂದು: ಹಾಜಿರಾಬಿ ಬಾಗಿಲು ಹಾಕಿಕೊಂಡಳು. (ತಾನು ಅಂಥಾಕಿ ಅಲ್ಲ ಅಂತ ಹಾಜಿರಾಬಿ ತಕರಾರು ತೆಗೆದಳು.)

ಕೊನೆ ಎರಡು: ಇಬ್ಬರೂ ಅಪ್ಪಿಕೊಂಡು ಅತ್ತರು. (ಇದನ್ನು ಕೇಳಿ ಇಬ್ಬರೂ ನಕ್ಕರು. ಹೊಡೆದು ಹಾಕಿದೆ.)

ಕೊನೆ ಮೂರು, ಸದ್ಯಕ್ಕೆ: ಗುಡ್ಡವ್ವ ರೇಡಿಯೋ ಹಿಡಿದು ಹಾಜಿರಾಬಿಯ ಹೊಸ್ತಿಲಲ್ಲಿ ನಿಂತು, ನೆಲ ನೋಡುತ್ತ ವಿಷಯ ಹೇಳಿದಳು. ಹಾಜಿರಾಬಿ ಗೋಡೆಯ ಮೊಬೈಲ್ ಚಾರ್ಜರ್ ಕಿತ್ತಳು. ಗುಂಯ್ ಹೋಯಿತು. ಹಾಡು ಆಗಲೇ ನಡೆದಿತ್ತು. ಕೇಳುತ್ತ ಕೇಳುತ್ತ ಗುಡ್ಡವ್ವನ ಮುಖ ಸಪ್ಪಗಾಯಿತು.

"ಇದು ನನ್ನ ದನಿ ಅಲ್ಲ. ಯಾರದೋ ಹಚ್ಯಾರ."

"ನಿಂದ ಐತಿ," ಅಂದಳು ಹಾಜಿರಾಬಿ. "ದಿನಾ ಗ್ವಾಡಿ ಆಚಿಂದ ಕೇಳತೇನಿ. ಹಾಡಿದ್ರೂ ಇದ, ಬೈದ್ರೂ ಇದ."

ಹಾಗಾದರೆ ಜಗಳ ಮುಗಿಯಿತೇ, ಆ ಜಾಗ ಕೊನೆಗೂ ಯಾರದು ಅಂತ ನಾನು ಪೆನ್ನು ಹಿಡಿದು ಕೇಳಿದೆ.

ಹಾಜಿರಾಬಿ ನನ್ನತ್ತ ನೋಡಲೂ ಇಲ್ಲ.

"ನೀ ಸುಮ್ನಿರಪಾ. ಹಾಡಿನ್ಯಾಗ ಇನ್ನೂ ಎರಡು ನುಡಿ ಅದಾವು."