ಅಪ್ಪನ ಗೆರೆ ನೆಟ್ಟಗಾದದ್ದು

ಹಾಡಿನ ವಿಡಿಯೋ ಹಳೇ ಕಾಲದ ಕಾರ್ಟೂನ್ ಥರ ಬೇಕು, ಹಳೇ ಕಾಲದ ಥರವೇ ಬೇಕು ಅಂತ ನನ್ನ ತಲೆ ತಿಂದವರೇ ಈಗ ಅದಕ್ಕೆ ಇಸ್ತ್ರಿ ಹಾಕಿ ಕೂತಿದ್ದರು.

"ಅಕ್ಕಾ, ಬೆಳಿಗ್ಗೆನೇ ವಿಡಿಯೋ ನೆಟ್‌ಗೆ ಬಿಟ್ಟಾಯ್ತು! ಎಷ್ಟು ಸ್ಮೂತ್ ಆಗಿದೆ ನೋಡಿ," ಎಂದ ಎಡಿಟರ್. ಸ್ಟುಡಿಯೋದಲ್ಲಿ ಎಲ್ಲರೂ ಇವನನ್ನು ಪಾಲಿಶ್ ಅಂತಲೇ ಕರೆಯುವುದು. ಯಾಕೆ ಅಂತ ಆ ಕ್ಷಣ ಚೆನ್ನಾಗಿ ಅರ್ಥವಾಯಿತು.

ಪರದೆಯ ಮೇಲೆ ಕೊಡೆ ಹಿಡಿದ ಕಪ್ಪೆಯೊಂದು ಹಾಡಿಗೆ ಕುಣಿಯುತ್ತಿತ್ತು. ಕಪ್ಪು ಬಿಳುಪು, ರಬ್ಬರ್ ಪೈಪಿನಂಥ ಕೈಕಾಲು, ಬಿಳಿ ಕೈಗವಸು. ಎಲ್ಲ ಸರಿ. ಆದರೆ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ, ಅಲುಗದೆ ನಿಂತಿದ್ದವು. ಅದು ನಮ್ಮ ಕಪ್ಪೆಯೇ ಅಲ್ಲ.

"ಏನ್ ಮಾಡ್ದೆ ನೀನು?"

"ಗೆರೆಯೆಲ್ಲಾ ನಡುಗ್ತಿತ್ತಲ್ಲ ಅಕ್ಕಾ, ಸ್ಕ್ಯಾನ್ ಮಾಡೋವಾಗ ಆದ ತಪ್ಪು ಅಂದ್ಕೊಂಡೆ. ಸಾಫ್ಟ್‌ವೇರ್‌ಗೆ ಹಾಕಿ ನಿಲ್ಲಿಸ್ದೆ. ಆಮೇಲೆ ತೀರಾ ಹೊಸದಾಗಿ ಕಾಣ್ತಿತ್ತು, ಅದಕ್ಕೇ ಮೇಲೆ ಒಂದಿಷ್ಟು ಧೂಳು, ಗೀರು ಹಾಕ್ದೆ."

ನನಗೆ ಮೈಯೆಲ್ಲಾ ಉರಿದುಹೋಯಿತು. ನಿಜವಾದ ಹಳತನ್ನು ಒರೆಸಿ ಸುಳ್ಳು ಧೂಳು ಮೆತ್ತಿದ್ದಾನೆ, ಪುಣ್ಯಾತ್ಮ!

"ಅದು ನಮ್ಮಪ್ಪನ ಕೈ ಕಣೋ!" ಎಂದು ಕಿರುಚಿದೆ.

ಅಪ್ಪ ಜೀವನಪೂರ್ತಿ ಜಾಹೀರಾತುಗಳಿಗೆ ಕಾರ್ಟೂನ್ ಬರೆದವನು. ಕೈ ನಡುಗಲು ಶುರುವಾದ ಮೇಲೆ ಪೆನ್ಸಿಲ್ ಮುಟ್ಟಿರಲಿಲ್ಲ. ಈ ಹಾಡಿನ ಕೆಲಸ ಬಂದಾಗ ನಾನೇ ಅವನನ್ನು ಗೋಗರೆದೆ. "ಆ ಕಾಲದ ಕಾರ್ಟೂನ್‌ಗಳಲ್ಲಿ ಗೆರೆ ಅಲುಗಾಡ್ತಾನೇ ಇರುತ್ತಲ್ಲಪ್ಪಾ, ಅದೇ ಅಲ್ವಾ ಅದರ ಜೀವ? ನಿನ್ನ ಕೈ ಈಗ ಹೇಗಿದೆಯೋ ಹಾಗೇ ಬೇಕು" ಎಂದೆ. "ಮಾನ ಕಳೀಬೇಡ ಮಾರಾಯ್ತಿ" ಅಂತ ಬೈದ. ಆದರೂ ಗಾಜಿನ ಕೆಳಗೆ ದೀಪ ಉರಿಯುವ ತನ್ನ ಹಳೇ ಮೇಜಿನ ಮುಂದೆ ಕೂತ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಹಾಳೆಯ ಮೇಲೆ ಹಾಳೆ ಇಟ್ಟು ಬರೆದ. ನಾನು ಹಾಳೆಗಳನ್ನು ಸರಸರನೆ ತಿರುವಿದರೆ ಕಪ್ಪೆ ಉಸಿರಾಡುತ್ತಿತ್ತು; ಅಪ್ಪ ಮಾತ್ರ ಬರೆದದ್ದನ್ನು ಮತ್ತೆ ಕಣ್ಣೆತ್ತಿಯೂ ನೋಡಲಿಲ್ಲ.

ಈಗ ಅವನು ಈ ವಿಡಿಯೋ ನೋಡಿದರೆ? ತನ್ನ ಕೈ ನೋಡಿ ನಾವು ನಾಚಿಕೆಪಟ್ಟು ತಿದ್ದಿದ್ದೇವೆ ಅಂದುಕೊಳ್ಳುತ್ತಾನೆ. ಇನ್ನು ಸಾಯುವ ತನಕ ಪೆನ್ಸಿಲ್ ಹಿಡಿಯುವುದಿಲ್ಲ. ನನಗೆ ಅದೊಂದೇ ಭಯ.

ವಿಡಿಯೋ ಮಾಡಿಸಿದ ಗಾಯಕನಿಗೆ ಫೋನ್ ಹಚ್ಚಿದೆ. "ಜನಕ್ಕೆ ಇಷ್ಟ ಆಗ್ತಿದೆಯಲ್ಲಾ ಮೇಡಂ, ಬಿಡಿ" ಎಂದು ರಾಗ ಎಳೆದ.

"ಕೈಯಲ್ಲೇ ಬರೆದಿದ್ದು ಅಂತ ಊರೆಲ್ಲಾ ಡಂಗೂರ ಹೊಡೀತಿದ್ದೀರಲ್ಲಾ, ಆ ಕೈ ಎಲ್ಲಿ ಹೋಯ್ತು ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ!"

ಅಷ್ಟಾದ ಮೇಲೆ ದಾರಿಗೆ ಬಂದ. ಇದನ್ನು ತೆಗೆದು ಅಪ್ಪ ಬರೆದದ್ದನ್ನೇ ಹಾಕಲು ಒಪ್ಪಿದ. ಪಾಲಿಶ್ ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂತ. ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಹೇಗಾದರೂ ತಡೆಯಬೇಕೆಂದು ನಾನು ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದೆ.

ಅಪ್ಪ ಕಿಟಕಿಯ ಬಳಿ ಫೋನನ್ನು ಮೂಗಿಗೆ ಹಿಡಿದು ಕೂತಿದ್ದ. ತಡವಾಗಿಹೋಗಿತ್ತು. ಕೆನ್ನೆ ಒದ್ದೆಯಾಗಿತ್ತು.

"ಅಪ್ಪಾ, ಅದು..."

"ನೋಡಿದ್ಯೇನೇ? ಒಂದು ಗೆರೆ ನಡುಗಿಲ್ಲ ಕಣೇ!" ಎಂದ. "ನಾನು ಏನೇನೋ ಅಂದ್ಕೊಂಡು ಒದ್ದಾಡ್ತಿದ್ದೆ. ಬರೆಯೋಕೆ ಕೂತಾಗ ಕೈ ತಾನಾಗೇ ನಿಂತುಬಿಟ್ಟಿದೆ. ಅಷ್ಟು ವರ್ಷದ ಅಭ್ಯಾಸ, ಎಲ್ಲಿಗೆ ಹೋಗುತ್ತೆ?"

ಮೇಜಿನ ಮೇಲೆ ಹೊಸ ಹಾಳೆಗಳನ್ನು ಆಗಲೇ ಹರಡಿದ್ದ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು.

"ಅಕ್ಕಾ, ರೆಡಿ ಇದೆ. ಬೆಳಿಗ್ಗೆ ಬಿಟ್ಟಿದ್ದನ್ನ ತೆಗೀಲಾ?"

"ಬೇಡ," ಎಂದೆ. ಆ ಒಂದು ಮಾತು ಆಡಲು ಹಲ್ಲು ಕಚ್ಚಬೇಕಾಯಿತು. "ಹಾಗೇ ಇರ್ಲಿ ಬಿಡು."

"ವಿಡಿಯೋ ಮಾಡಿದೋರಾ? ಕೊಡಿಲ್ಲಿ," ಎಂದು ಅಪ್ಪ ಫೋನ್ ಕಿತ್ತುಕೊಂಡ. "ನಿಮಗೆ ದೊಡ್ಡ ನಮಸ್ಕಾರ ಕಣಪ್ಪಾ. ಈ ಕಾಲದಲ್ಲಿ ಎಲ್ಲಾ ಕಂಪ್ಯೂಟರ್‌ನಲ್ಲಿ ತಿದ್ದಿಬಿಡ್ತಾರೆ. ನೀವು ಒಂದು ಗೆರೆನೂ ಮುಟ್ಟದೆ ನಾನು ಬರೆದ ಹಾಗೇ ತೋರಿಸಿದ್ರಿ."

ಫೋನಿನ ಸದ್ದು ನನಗೂ ಕೇಳುತ್ತಿತ್ತು.

"ತಿದ್ದೋಕೆ ಅದರಲ್ಲಿ ಏನಿತ್ತು ಸರ್," ಎಂದ ಪಾಲಿಶ್.